ಪುಟ ಅರವತ್ತಮೂರರಿಂದ ಎಂಬತ್ತು

ಶಹಾಪುರದಿಂದ ಸುರಪುರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ಒತ್ತಿ ಕೂತ ವಿಶ್ವರಾಧ್ಯನಿಗೆ, ತೊಡೆಯ ಮೇಲಿದ್ದ ನೋಟುಬುಕ್ಕಿನ ಹಾಳೆಯ ನಡುವೆ ತಾನೇ ಎಳೆದಿದ್ದ ಗೆರೆ ನೆಟ್ಟಗಿಲ್ಲ ಎನ್ನುವುದು ಈಗ ಕಂಡಿತು. ಮೇಲೆ ಸರಿಯಾಗಿ ನಡುಮಧ್ಯ ಶುರುವಾದದ್ದು ಕೆಳಗೆ ಬರಬರುತ್ತ ಎಡಕ್ಕೆ ವಾಲಿ, ‘ಗುಣ’ದ ಜಾಗವನ್ನು ‘ದೋಷ’ ಒತ್ತುವರಿ ಮಾಡಿಕೊಂಡ ಹಾಗಿತ್ತು. ಬಸ್ಸು ಕುಲುಕಿದ್ದರಿಂದ ಹೀಗಾಯಿತು ಎನ್ನೋಣವೆಂದರೆ ಗೆರೆ ಎಳೆದದ್ದು ಮನೆಯಲ್ಲಿ, ಮೇಜಿನ ಮೇಲೆ, ಸ್ಕೇಲು ಹಿಡಿದು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ಅವನಿಗೆ ಓದಿದ್ದನ್ನು ಹೀಗೆ ಎರಡು ಪಾಲು ಮಾಡಿ ಇಳಿಸಿಕೊಳ್ಳದಿದ್ದರೆ ಓದಿದಂತೆಯೇ ಅನ್ನಿಸುತ್ತಿರಲಿಲ್ಲ. ಮಗಳನ್ನು ನೋಡಲು ಬಂದ ವರನನ್ನೂ ಹೀಗೆಯೇ ಬರೆದಿಟ್ಟುಕೊಂಡಿದ್ದ. ಹೆಂಡತಿ ಕಸ್ತೂರಿ ಆ ಹಾಳೆಯನ್ನು ನೋಡಿ, ತನ್ನನ್ನು ನೋಡಲು ಬಂದಾಗಲೂ ಬರೆದಿದ್ದರೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿದ್ದಳು. ಬರೆದಿದ್ದ. ಮಲಗಿದ ಬುದ್ಧನ ಗುಡ್ಡ ಹಿಂದೆ ಬಿದ್ದು, ಕಾಲುವೆ ನೀರಿನ ಭತ್ತದ ಗದ್ದೆಗಳು ಬಂದವು. ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ಯಾರಿಗೋ ತಾನು ಆಗಲೇ ಸುರಪುರ ಮುಟ್ಟಿದ್ದೇನೆಂದು ಹೇಳುತ್ತಿದ್ದಳು. ಎಷ್ಟು ಸಲೀಸಾಗಿ ಹೇಳುತ್ತಾಳಲ್ಲ ಎಂದು ಅವನು ಮೆಚ್ಚಿಕೊಂಡ.

ಇವತ್ತಿನ ಕೆಲಸ ಕಷ್ಟದ್ದೇನೂ ಅಲ್ಲ. ‘ಏಳು ಕಡವಿನ ನಾಡು’ ಎಂಬ ಅದ್ಭುತ ಸಾಹಸದ ಕಾದಂಬರಿ ಮಾಲೆಯ ಮೂರನೆಯ ಭಾಗ ಬಂದಿದೆ. ಸುರಪುರಕ್ಕೇ ಸೇರಿದ ರಂಗಂಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಸಭೆ. ಮಾಲೆಯ ಗುಣದೋಷಗಳ ಬಗ್ಗೆ ಅವನು ನಲವತ್ತು ನಿಮಿಷ ಮಾತಾಡಬೇಕು. ಈ ಭಾಗದ ಸಭೆಗಳಲ್ಲಿ ಅದಕ್ಕೊಂದು ಪದ್ಧತಿಯಿದೆ. ಮೂವತ್ತೈದು ನಿಮಿಷ ಗುಣ. ಆಮೇಲೆ ನೀರು ಕುಡಿದು, ಸ್ನೇಹಿತನಾಗಿ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ ಎಂದು ಪೀಠಿಕೆ ಹಾಕಿ, ಒಂದು ದೋಷ. ಒಂದೂ ಹೇಳದಿದ್ದರೆ ಇವನು ಓದಿಯೇ ಇಲ್ಲ ಅನ್ನುತ್ತಾರೆ. ಎರಡು ಹೇಳಿದರೆ ಬರೆದವರ ಬೀಗರು ಶಾಲು ಹೊದಿಸುವಾಗ ಮುಖ ನೋಡುವುದಿಲ್ಲ. ಇಂಥ ಹೊತ್ತಿಗೆ ಅಚ್ಚಿನ ತಪ್ಪುಗಳು ದೊಡ್ಡ ಉಪಕಾರಿ, ಅವು ಯಾರಿಗೂ ಸೇರಿದವಲ್ಲ. ಆದರೆ ಈ ಪುಸ್ತಕದಲ್ಲಿ ಹುಡುಕಿದರೂ ಅಚ್ಚಿನ ತಪ್ಪುಗಳಿರಲಿಲ್ಲ. ಬರೆದವಳು ಸುರಪುರದ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿಯಲ್ಲಿ ಕೂರುವ ಮೌನಮ್ಮ. ದಿನಕ್ಕೆ ನೂರು ಜನರ ಹೆಸರು, ಇನಿಷಿಯಲ್ಲು, ಹುಟ್ಟಿದ ತಾರೀಖು ತಾಳೆ ನೋಡುವವಳು.

ಗುಣಗಳು ನಿಜವಾಗಿಯೂ ಇದ್ದವು, ಅದೇ ಅವನಿಗೆ ಕಸಿವಿಸಿ. ಆ ನಾಡಿನಲ್ಲಿ ಏಳು ಹೊಳೆ, ಏಳು ಕಡವು. ದಾಟಬೇಕಾದವರು ದೋಣಿಯವನಿಗೆ ಕೂಲಿಯಾಗಿ ತಮ್ಮದೊಂದು ನೆನಪು ಕೊಡಬೇಕು. ಕೊಟ್ಟದ್ದು ಏನೆಂಬುದು ಕೊಟ್ಟವರಿಗೇ ಆಮೇಲೆ ಗೊತ್ತಿರುವುದಿಲ್ಲ. ನೀಲಿ ಎಂಬ ಅಂಬಿಗನ ಮಗಳು ಕಳೆದುಹೋದ ಅಣ್ಣನನ್ನು ಹುಡುಕಿ ಏಳನ್ನೂ ದಾಟಲು ಹೊರಡುತ್ತಾಳೆ. ಎರಡನೆಯ ಭಾಗದಲ್ಲಿ ಬರುವ ಏಳು ಹೆಡೆಯ ಹಾವು ಸುರಪುರದ ಸಂತೆಯ ಭಾಷೆಯಲ್ಲಿ ತನ್ನೊಳಗೆ ತಾನೇ ಜಗಳಾಡುತ್ತದೆ, ಆರು ಹೆಡೆ ಒಪ್ಪಿದ್ದಕ್ಕೆ ಏಳನೆಯದು ಅಡ್ಡ ಮಾತಾಡುತ್ತದೆ. ಅದನ್ನು ಓದುತ್ತ ಅವನು ಒಬ್ಬನೇ ನಕ್ಕು, ಪಕ್ಕದ ಕೋಣೆಗೆ ಕೇಳಿಸಿತೇನೋ ಎಂದು ಕೆಮ್ಮಿದ್ದ. ಬಲಗಡೆಯ ದೋಷಗಳೂ ನಿಜವೇ. ಮೊದಲ ಭಾಗದಲ್ಲಿ ಅಷ್ಟು ಮೆರೆದ ಉಂಗುರ ಎರಡನೆಯ ಭಾಗದಲ್ಲಿ ಯಾರಿಗೂ ನೆನಪಿಲ್ಲ. ಕುದುರೆಗಳಿಗೆ ದಣಿವಾಗುವುದು ಕತೆಗೆ ಬೇಕಾದಾಗ ಮಾತ್ರ. ಯುದ್ಧಗಳೆಲ್ಲ ಒಂದೇ ಥರ. ಇಡೀ ಮೂರು ಭಾಗದಲ್ಲಿ ಒಬ್ಬರೂ ಒಂದು ಕಡೆ ಕೂತು ಯೋಚಿಸುವುದಿಲ್ಲ, ಎಲ್ಲರೂ ಓಡುತ್ತಲೇ ಇರುತ್ತಾರೆ. ಅಂಬಿಗನ ಮಗಳಾದ ನೀಲಿ ಎರಡನೆಯ ಭಾಗದಿಂದ ನೀರಿಗೆ ಹೆದರತೊಡಗುತ್ತಾಳೆ, ಯಾಕೆಂದು ಎಲ್ಲೂ ಇಲ್ಲ. ಇದಕ್ಕೆ ಎರಡು ಗೆರೆ ಎಳೆದಿದ್ದ. ಎಲ್ಲಕ್ಕಿಂತ ಮೇಲೆ ಮೊದಲನೆಯ ದೋಷವಾಗಿ ಒಂದೇ ಸಾಲು: ಮೊದಲ ಭಾಗ, ಐದು ಮತ್ತು ಆರನೆಯ ಅಧ್ಯಾಯಗಳ ನಡುವೆ ಕತೆ ಹರಿದಿದೆ. ಐದರ ಕೊನೆಗೆ ನೀಲಿ ಮೊದಲ ಕಡವಿನ ದಂಡೆಗೆ ಬಂದು ನಿಲ್ಲುತ್ತಾಳೆ. ಆರರ ಮೊದಲ ಸಾಲಿಗೆ ಹೊಳೆಯಾಚೆಯ ಊರಿನ ಬಾಗಿಲು ತಟ್ಟುತ್ತಿದ್ದಾಳೆ. ಆ ಸಾಲಿನ ಅಕ್ಷರ ಉಳಿದವಕ್ಕಿಂತ ದುಂಡಗೇ ಬಂದಿತ್ತು.

ಆ ಹರಿದ ಜಾಗ ಯಾದಗಿರಿಯ ಒಂದು ಕಚೇರಿಯ ಕಪಾಟಿನಲ್ಲಿದೆ ಎಂಬುದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಏಳು ವರ್ಷದ ಹಿಂದೆ, ಬಿ.ಎ. ಎರಡನೆಯ ವರ್ಷಕ್ಕೇ ಓದು ಬಿಟ್ಟಿದ್ದ ಹಳೆಯ ವಿದ್ಯಾರ್ಥಿನಿ ಮೌನಮ್ಮ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗೆ ಅವಚಿಕೊಂಡು ಮನೆಗೆ ಬಂದಿದ್ದಳು. ಅವಳ ಅಪ್ಪ ಗುರಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಚೀಲದಲ್ಲಿ ಇನ್ನೂರ ಹತ್ತು ಹಾಳೆ, ಎಲ್ಲ ಒಂದು ಮಗ್ಗುಲು ಅಚ್ಚಾದವು. ಅಂಗಡಿಯಲ್ಲಿ ಸೊಟ್ಟಗೆ, ತೆಳ್ಳಗೆ ಬಂದು ಗಿರಾಕಿ ಬೇಡವೆಂದ ಝೆರಾಕ್ಸ್‌ಗಳ ಹಿಂಬದಿಗೆ ಅವಳು ಕತೆ ಬರೆದಿದ್ದಳು. ಈ ಕಡೆ ಯಾರದೋ ಹೊಲದ ಪಹಣಿ, ಆ ಕಡೆ ನೀಲಿ. ಈ ಕಡೆ ಜಾತಿ ಪ್ರಮಾಣಪತ್ರ, ಆ ಕಡೆ ಕಳೆದುಹೋದ ಅಣ್ಣ. ಓದಿ ಹೇಳ್ರಿ ಸರ್ ಎಂದಿದ್ದಳು, ಇಟ್ಟು ಹೋಗು ನೋಡೋಣ ಎಂದಿದ್ದ. ನಲವತ್ತು ಪುಟ ಓದಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಅದೇ ಕಟ್ಟೆಯ ಮೇಲೆ ಅಣ್ಣ ಮಲ್ಲಣ್ಣ ಮುದನಾಳದ ಹೊಲದ ಪಹಣಿಗಳನ್ನು, ಅಂಥದೇ ಒಂದು ಚೀಲದಲ್ಲಿ, ತಂದಿಟ್ಟು ಹೋಗಿದ್ದ. ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಳ್ಳುವ ಅರ್ಜಿಗೆ ಲಗತ್ತಿಸಲು. ಯಾದಗಿರಿಗೆ ಹೋಗುವ ದಿನ ಬೆಳಗಿನ ಬಸ್ಸಿಗೆ ಹೊತ್ತಾಗಿತ್ತು. ಅಣ್ಣನದೆಂದು ತಿಳಿದು ಮೌನಮ್ಮನ ಚೀಲಕ್ಕೆ ಕೈ ಹಾಕಿ, ಪಹಣಿಯ ಮಗ್ಗುಲು ಮೇಲಿದ್ದ ಒಂದು ಹಿಡಿ ಹಾಳೆ ತೆಗೆದು, ಮೂಲೆಗೆ ಪಿನ್ನು ಹೊಡೆದು ಓಡಿದ. ಕಚೇರಿಯಲ್ಲಿ ಮೂಲ ಎಲ್ಲ ಕಂಪ್ಯೂಟರಿನಲ್ಲೇ ಇತ್ತು. ಕಾಗದ ಇರಬೇಕೆಂಬುದು ಪದ್ಧತಿ ಮಾತ್ರ. ಎರಡು ತಿಂಗಳಲ್ಲಿ ಹೊಲ ಭಾಗವಾಯಿತು. ಮಲ್ಲಣ್ಣ ಪೇಢೆ ತಂದ. ಆಮೇಲೊಂದು ದಿನ ಕಟ್ಟೆ ಒರೆಸುತ್ತಿದ್ದ ಕಸ್ತೂರಿ, ಮುದನಾಳದ ಪಹಣಿ ಇಲ್ಲೇ ಅದಾವಲ್ರಿ ಎಂದಳು. ಅವನು ಇನ್ನೊಂದು ಚೀಲವನ್ನು ಬಿಚ್ಚಿ ಪುಟಗಳನ್ನು ಎಣಿಸಿದ. ಅರವತ್ತೆರಡರ ಮೇಲೆ ಎಂಬತ್ತೊಂದು.

ಕಚೇರಿಗೆ ಹೋಗಿ ಹಾಳೆಗಳನ್ನು ವಾಪಸು ಕೇಳಬಹುದಿತ್ತು. ಕೇಳಿದರೆ, ಹಾಗಾದರೆ ನೀವು ಲಗತ್ತಿಸಿದ್ದು ಯಾರ ಪಹಣಿ ಎಂದು ಅವರು ಕೇಳುತ್ತಿದ್ದರು. ಫೈಲು ತಿರುಗಿ ತೆರೆಯುತ್ತಿತ್ತು. ಮಲ್ಲಣ್ಣ ಪೇಢೆಯ ನೆನಪು ಮಾಡುತ್ತಿದ್ದ. ಇವತ್ತು ನಾಳೆ ಎಂದು ಹನ್ನೊಂದು ತಿಂಗಳು ಕಳೆಯಿತು. ಮೌನಮ್ಮ ಬಂದಾಗ, ಛಲೋ ಬರದೀ, ಮುಂದುವರಿಸು, ಎಂದು ಚೀಲ ಕೊಟ್ಟ. ಅವಳು ಅಲ್ಲೇ ನಿಂತು ಹೆಬ್ಬೆರಳಿನಿಂದ ಪುಟಗಳ ಅಂಚನ್ನು ಸರ್ರನೆ ಹಾಯಿಸಿದಳು, ಅಂಗಡಿಯಲ್ಲಿ ಕಾಗದದ ಕಟ್ಟನ್ನು ಹಾಯಿಸುವ ಹಾಗೆ. ಒಂದು ಕಡೆ ಬೆರಳು ನಿಂತಿತು. ಅವನ ಮುಖ ನೋಡಿದಳು. ಅವನು ಕಸ್ತೂರಿಗೆ ಚಹಾ ಮಾಡಲು ಹೇಳಿದ. ಇಷ್ಟೇ ನಡೆದದ್ದು. ಅಲ್ಲಿಂದೀಚೆಗೆ ಅವನು ಆ ನೋಟಕ್ಕೆ ಎಷ್ಟೋ ಅರ್ಥ ಹಚ್ಚಿದ್ದ, ಒಂದೂ ತನಗೆ ಅನುಕೂಲವಾಗಿರಲಿಲ್ಲ.

ರಂಗಂಪೇಟೆಯ ಸಭಾಭವನದ ಬಾಗಿಲಲ್ಲೇ ಮೌನಮ್ಮ ನಿಂತಿದ್ದಳು. ಮೂವತ್ತು ದಾಟಿದ, ಚೂಪು ಮೂಗಿನ ಹೆಂಗಸು, ಬೆರಳ ತುದಿಗೆ ಕಪ್ಪು ಪುಡಿ. ಬರ್ರಿ ಸರ್, ಬಸ್ಸಿನ್ಯಾಗ ಸೀಟ್ ಸಿಕ್ಕಿತ್ತೇನ್ರಿ ಎಂದು ಕೇಳಿದಳು. ಸಿಕ್ಕಿತ್ತು ಎಂದ. ಇದಕ್ಕಿಂತ ದೊಡ್ಡದೇನನ್ನೋ ಅವಳು ಕೇಳುತ್ತಾಳೆಂದು ದಾರಿಯುದ್ದಕ್ಕೂ ಹೆದರಿದ್ದವನಿಗೆ, ಕೇಳದೆ ಹೋದದ್ದು ಅವಮಾನದಂತೆ ತಾಗಿತು. ಎಪ್ಪತ್ತು ಕುರ್ಚಿಯಲ್ಲಿ ಐವತ್ತು ತುಂಬಿದ್ದವು. ಅವನ ಮುಂಚೆ ಮಾತಾಡಿದವನು ಅಸದ, ಹೈಸ್ಕೂಲು ಮಾಸ್ತರ, ನೋಟುಬುಕ್ಕಿಲ್ಲದೆ ಬಂದಿದ್ದ. ಈ ಮಾಲೆಯ ದೊಡ್ಡ ಶಕ್ತಿ ಯಾವುದು ಎಂದು ತನ್ನನ್ನೇ ಕೇಳಿಕೊಂಡು ಅವನು ಸಭೆಯ ಕಡೆ ನೋಡಿದಾಗ, ವಿಶ್ವರಾಧ್ಯ ಹಾವು ಎನ್ನುತ್ತಾನೆಂದುಕೊಂಡ. ಐದು ಮತ್ತು ಆರನೆಯ ಅಧ್ಯಾಯದ ನಡುವಿನ ಜಿಗಿತ ಎಂದ ಅಸದ.

“ನೀಲಿ ಏನ್ ನೆನಪು ಕೊಟ್ಟಳು ಅನ್ನೂದು ಆಕಿಗಿ ಗೊತ್ತಿಲ್ಲ, ಹೌದಿಲ್ರಿ? ಹಂಗಾರ ನಮಗ್ಯಾಕ ಗೊತ್ತಿರಬೇಕು? ಆಕಿ ಕಡವು ದಾಟಿದಳು, ಓದೂ ನಾವೂ ದಾಟೀವಿ. ನಾವೂ ಕೂಲಿ ಕೊಟ್ಟೀವಿ. ಇಂಥಾ ಧೈರ್ಯ ನಾ ಎಲ್ಲೂ ನೋಡಿಲ್ಲ.”

ಚಪ್ಪಾಳೆ ಬಿತ್ತು. ವಿಶ್ವರಾಧ್ಯನೂ ತಟ್ಟಿದ, ತಟ್ಟುತ್ತ, ಇದು ಒಳ್ಳೆಯ ವಿಮರ್ಶೆ ಎಂದುಕೊಂಡ, ತನಗೆ ಹೊಳೆಯದೆ ಹೋಯಿತಲ್ಲ ಎಂದು ಚುರುಕ್ಕೆಂದಿತು, ಆಮೇಲೆ ಅದು ಹೊಳೆಯಲು ಸಾಧ್ಯವೇ ಇಲ್ಲದ ಒಬ್ಬನೇ ಓದುಗ ತಾನು ಎಂಬುದು ನೆನಪಾಯಿತು. ಪಿನ್ನು ಹೊಡೆದ ಕೈ ಧೈರ್ಯವನ್ನು ಎಲ್ಲಿ ಕಾಣಬೇಕು? ಜೇಬಿನಿಂದ ಪೆನ್ನು ತೆಗೆದು, ನೋಟುಬುಕ್ಕನ್ನು ಮೊಣಕಾಲ ಮರೆಗೆ ಹಿಡಿದು, ಮೊದಲನೆಯ ದೋಷದಿಂದ ಒಂದು ಬಾಣ ಎಳೆದು ಗೆರೆ ದಾಟಿಸಿ ಗುಣದ ಕಡೆ ಬಿಟ್ಟ. ಅಷ್ಟು ಮೇಲೆ ಗೆರೆ ಇನ್ನೂ ವಾಲಿರದಿದ್ದರಿಂದ ಬಾಣಕ್ಕೆ ದೂರವೇನೂ ಆಗಲಿಲ್ಲ.

ಆಮೇಲೆ ಮೌನಮ್ಮ ಎದ್ದು, ತನಗೆ ಮಾತು ಬರುವುದಿಲ್ಲ, ಒಂದೇ ಸಂಗತಿ ಹೇಳಿ ಕೂರುತ್ತೇನೆ ಎಂದಳು.

“ಅಸದ ಸರ್ ಹೇಳಿದ ಧೈರ್ಯ ನಂದಲ್ರಿ. ನಾ ಅಲ್ಲಿ ಹದಿನೆಂಟು ಪುಟ ಬರದಿದ್ದೆ. ವಿಶ್ವರಾಧ್ಯ ಸರ್‌ಗೆ ಓದಾಕ ಕೊಟ್ಟೆ. ಸರ್ ಆ ಹದಿನೆಂಟು ಪುಟ ತಗದಿಟ್ಟು ಉಳದದ್ದು ಕೊಟ್ರು. ಒಂದ್ ಮಾತ್ ಹೇಳಲಿಲ್ಲ. ನಾ ಕೇಳಲಿಲ್ಲ. ಮನಿಗಿ ಹೋಗಿ ಓದಿ ನೋಡಿದೆ, ಪುಟ ಇಲ್ಲದ ಕಥಿ ಓಡಾಕತ್ತಿತ್ತು. ಅವತ್ತಿಂದ ಬರದಾಗೊಮ್ಮೆ, ಇದನ್ನ ಸರ್ ಇಟ್ಕೋತಿದ್ರೋ ತಗೀತಿದ್ರೋ ಅಂತ ಕೇಳ್ಕೋತೀನಿ. ನನಗ ಬಾಳ ಸೇರಿದ್ದನ್ನ ಸರ್ ತಗದೇ ತಗೀತಾರ ಅಂತ ಗೊತ್ತು. ತಗದುಬಿಡ್ತೀನಿ.”

ಐವತ್ತು ಮುಖಗಳು ಅವನ ಕಡೆ ತಿರುಗಿದವು. ಅವನು ತನ್ನ ಮುಖ ಏನು ಮಾಡುತ್ತಿದೆ ಎಂದು ಒಳಗಿನಿಂದ ಪರೀಕ್ಷಿಸಿದ; ಅದು ತಾನಾಗಿಯೇ, ಯಾರ ಅಪ್ಪಣೆಗೂ ಕಾಯದೆ, ವಿನಯದಿಂದ ಮುಗುಳ್ನಗುತ್ತಿತ್ತು. ಈಗಲೇ ಹೇಳಬೇಕು ಎಂದುಕೊಂಡ. ತಾಯಿ, ಅದು ವಿಮರ್ಶೆಯಲ್ಲ, ಬಸ್ಸಿಗೆ ಹೊತ್ತಾಗಿತ್ತು. ಈ ವಾಕ್ಯ ಎಷ್ಟು ಚೆನ್ನಾಗಿದೆ, ಸಭೆ ನಗುತ್ತದೆ, ದೊಡ್ಡವರು ಹೀಗೇ ತಮ್ಮನ್ನು ತಾವೇ ಚಿಕ್ಕವರಾಗಿಸಿಕೊಳ್ಳುತ್ತಾರೆ ಎನ್ನುತ್ತದೆ ಎಂದೆಲ್ಲ ಹೊಳೆದು, ನಿಜವನ್ನು ಹೇಳಿದರೂ ಅದು ತನಗೇ ಗೌರವವಾಗಿ ತಿರುಗುವುದಾದರೆ ಹೇಳಿ ಏನು ಪ್ರಯೋಜನ ಎಂಬ ತರ್ಕ ಸಿಕ್ಕಿತು. ಆ ತರ್ಕ ಸಿಕ್ಕಿದ್ದಕ್ಕೆ ಆದ ಸಮಾಧಾನವನ್ನೂ ಗಮನಿಸಿದ. ಎದ್ದು ಮಾತಾಡಿದ. ಜಿಗಿತವನ್ನು ಹೊಗಳಿದ, ಬರೆದದ್ದಕ್ಕಿಂತ ಬಿಟ್ಟದ್ದು ದೊಡ್ಡದು ಎಂದ. ಹಾವಿನ ಮಾತುಗಳನ್ನು ಏಳು ಧ್ವನಿಯಲ್ಲಿ ಓದಿ ನಗಿಸಿದ. ಮೂವತ್ತೈದನೆಯ ನಿಮಿಷಕ್ಕೆ ನೀರು ಕುಡಿದು, ಸ್ನೇಹಿತನಾಗಿ ಒಂದು ದೋಷ ಹೇಳಿದ. ಅಂಬಿಗನ ಮಗಳಿಗೆ ನೀರಿನ ಭಯ ಯಾಕೆ? ಲೇಖಕಿ ಇದಕ್ಕೆ ಕಾರಣ ಇಡಬೇಕಿತ್ತು. ಭಯವೂ ಒಂದು ಕಡೆಯಿಂದ ಬರಬೇಕಲ್ಲವೇ? ಸಭೆ ತಲೆದೂಗಿತು. ಮೌನಮ್ಮ ಮಾತ್ರ ತಲೆ ಸ್ವಲ್ಪ ವಾರೆ ಮಾಡಿ ಅವನನ್ನು ನೋಡಿದಳು, ಸೊಟ್ಟಗೆ ಬಂದ ಪ್ರತಿಯನ್ನು ನೋಡುವವರ ಹಾಗೆ. ಶಾಲು ಹೊದಿಸಿದರು. ಬಿಸಿಲಿಗೆ ಅದು ಕುತ್ತಿಗೆಗೆ ಚುಚ್ಚುತ್ತಿತ್ತು.

ಊಟವಾದ ಮೇಲೆ, ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿದೆ, ಅಂಗಡಿಯಲ್ಲಿ ಫ್ಯಾನಿದೆ ಎಂದು ಮೌನಮ್ಮ ಕರೆದುಕೊಂಡು ಹೋದಳು. ಮರುದಿನ ಯಾವುದೋ ಅರ್ಜಿಗೆ ಕಡೆಯ ದಿನವಾದ್ದರಿಂದ ಭಾನುವಾರವೂ ಶಟರು ಎತ್ತಬೇಕಿತ್ತು. ಸೂಗಮ್ಮ ಎಂಬ ಮುದುಕಿ ಆಧಾರ ಕಾರ್ಡು ಹಿಡಿದು ಮೆಟ್ಟಿಲ ಮೇಲೆ ಆಗಲೇ ಕೂತಿದ್ದಳು. ಅವನಿಗೆ ಬೆಂಚು ತೋರಿಸಿ, ಮೌನಮ್ಮ ಯಂತ್ರದ ಕೆಳಗಿನ ಖಾನೆಯಿಂದ ಒಂದು ತೆಳ್ಳನೆಯ ಕಟ್ಟು ತೆಗೆದು ಅವನ ಮುಂದಿಟ್ಟಳು. ಮೇಲಿನ ಹಾಳೆಯ ಮೂಲೆಯಲ್ಲಿ ಅವಳ ದುಂಡು ಅಕ್ಷರದಲ್ಲಿ ಅರವತ್ತಮೂರು ಎಂದಿತ್ತು. ಅವನು ಅದನ್ನು ಮುಟ್ಟಲಿಲ್ಲ.

“ಝೆರಾಕ್ಸ್ ಅಂಗಡ್ಯಾಗ ಕುಂತಾಕಿ ರೀ ನಾ. ನಿಮಗ ಕೊಡೂ ಮುಂಚೇನ ಒಂದ್ ಪ್ರತಿ ತಗದಿಟ್ಟಿದ್ದೆ.” ಅವಳು ಗ್ಲಾಸು ಒರೆಸುತ್ತ ಹೇಳಿದಳು. “ನಾಕನೇ ಭಾಗ ಮುಂದಿನ ವಾರ ಪ್ರೆಸ್ಸಿಗಿ ಹೋಗ್ತೈತಿ. ಆಖೈರಿ ಭಾಗ. ನೀಲಿ ತಿರುಗಿ ಮೊದಲನೇ ಕಡವಿಗಿ ಬರ್ತಾಳ. ಅಲ್ಲಿ ಇವನ್ನ ಹಾಕಬೇಕಂತ ನನ್ನ ಮನಸ್ಸೈತಿ. ಆದ್ರ ನೀವು ತಗದಿದ್ದವು. ಅದಕ ಕೇಳಾಕತ್ತೀನಿ. ಇದರಾಗ ಏನ್ ತಪ್ಪಿತ್ರಿ ಸರ್?”

ಎರಡೂ ಮಗ್ಗಲ ತಗಿ ತಂಗಿ, ಬ್ಯಾಂಕಿನಾವ ಹಿಂದಿಂದೂ ಕೇಳ್ತಾನ ಎಂದಳು ಸೂಗಮ್ಮ. ಹಸಿರು ಬೆಳಕು ಗಾಜಿನ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಹೊರಳಿಸಿದ ಕಾರ್ಡಿಗೆ ಇನ್ನೊಮ್ಮೆ ಹೋಯಿತು. ಉದ್ದಾಗಿತ್ತು ಎನ್ನಬಹುದಿತ್ತು. ಹದಿನೆಂಟು ಪುಟದ ಬಗ್ಗೆ ಯಾರೂ ಯಾವಾಗಲೂ ಆ ಮಾತು ಹೇಳಬಹುದು. ವೇಗ ಕಡಿಮೆಯಿತ್ತು, ಕತೆಗೆ ಅವಶ್ಯವಿರಲಿಲ್ಲ, ಭಾವ ಅತಿಯಾಗಿತ್ತು. ಬಲಗಡೆಯ ಮಾತುಗಳು ಸಾಲಾಗಿ ಬಂದು ನಿಂತವು, ಯಾವ ಪುಸ್ತಕಕ್ಕೂ ಸಲ್ಲುವಂಥವು, ಮೂವತ್ತೊಂದು ವರ್ಷ ಸಂದಂಥವು. ಒಂದನ್ನು ಹೇಳಿದರೆ ಅವಳು ಆ ಕಟ್ಟನ್ನು ಖಾನೆಗೆ ಹಾಕುತ್ತಾಳೆ, ನೀಲಿ ಬರಿಗೈಯಲ್ಲಿ ಕಡವಿಗೆ ಬರುತ್ತಾಳೆ, ಬಸ್ಸು ಬರುತ್ತದೆ. ಅವನು ಶಾಲು ತೆಗೆದು ಮಡಚಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. ಮಲ್ಲಣ್ಣನ ಚೀಲ, ಕಿಟಕಿಯ ಕಟ್ಟೆ, ಪಿನ್ನು, ಕಚೇರಿ. ವಾಕ್ಯ ಚೆನ್ನಾಗಿ ಬರದ ಹಾಗೆ ನೋಡಿಕೊಂಡು ಹೇಳಿದ. ಸೂಗಮ್ಮ ನಕ್ಕಳು, ಹೊಲದ ಕಾಗದಂತ ಕಥಿ ಕೊಟ್ಟು ಬಂದಾನ ಎಂದು ತನಗೆ ತಾನೇ ಹೇಳಿಕೊಂಡು, ಪ್ರತಿಗಳನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಮೌನಮ್ಮ ನಗಲಿಲ್ಲ. “ಅಂದ್ರ ಓದಲೇ ಇಲ್ಲ.”

“ಓದಲಿಲ್ಲ.”

“ಏಳು ವರ್ಷ.” ಅವಳು ಯಂತ್ರದ ಮುಚ್ಚಳ ಹಾಕಿದಳು. “ಎರಡನೇ ಭಾಗದಾಗ ಮೂವತ್ತು ಪುಟ ತಗದೀನಿ. ಮೂರನೇದರಾಗ ಐವತ್ತು. ಯಾರೂ ಎಲ್ಲೂ ಕುಂದರದಂಗ ಮಾಡೀನಿ, ಸರ್‌ಗೆ ಸೇರೂದಿಲ್ಲಂತ. ಅವನ್ನ ಪ್ರತಿ ಮಾಡಿ ಇಟ್ಟಿಲ್ಲ. ಹರದು ಒಲಿಗಿ ಹಾಕೀನಿ.” ಅವನಿಗೆ ಕ್ಷಮೆಯ ಮಾತೊಂದು ಬಾಯಿಗೆ ಬಂತು. ಅದೂ ಎಲ್ಲೋ ಓದಿದ್ದರ ಹಾಗಿತ್ತು, ನುಂಗಿದ. ಅವಳು ಕಟ್ಟನ್ನು ಬೆರಳಿನಿಂದ ಅವನ ಕಡೆ ಸರಿಸಿದಳು.

“ಹಾಕೂದು ಬಿಡೂದು ನಾ ನೋಡ್ಕೋತೀನಿ. ನೀವು ಓದ್ರಿ. ಬಸ್ಸಿಗಿ ಟೈಮ್ ಐತಿ. ಆದ್ರ ಓದಿ, ಹೆಂಗೈತಿ ಅಂತ ನನಗ ಹೇಳಬ್ಯಾಡ್ರಿ.”

ಅವನು ಓದಿದ. ನೀಲಿ ದಂಡೆಯ ಮೇಲೆ ಕೂರುತ್ತಾಳೆ. ಮೂರು ಹಗಲು ಕೂರುತ್ತಾಳೆ. ಬೇಡವಾದ ನೆನಪೊಂದನ್ನು ಕೊಟ್ಟುಬಿಡು ಎನ್ನುತ್ತಾನೆ ದೋಣಿಯವನು. ಅಪ್ಪ ಹೊಡೆದದ್ದನ್ನು ಕೊಡೋಣವೆಂದು ಎತ್ತಿದರೆ ಅದರ ಹಿಂದೆಯೇ, ಹೊಡೆದಾದ ಮೇಲೆ ಅವನು ಹರಿಗೋಲಿಗೆ ಡಾಂಬರು ಬಳಿಯುತ್ತ, ಅವಳ ಕೈಗೂ ಕುಂಚ ಕೊಟ್ಟ ಮಧ್ಯಾಹ್ನ ಅಂಟಿಕೊಂಡು ಬರುತ್ತದೆ. ಅಣ್ಣನ ಜೊತೆಗಿನ ಜಗಳ ಎತ್ತಿದರೆ ಅಣ್ಣನ ಮುಖವೇ ಬರುತ್ತದೆ; ಅದನ್ನು ಕೊಟ್ಟರೆ ಹುಡುಕುವುದು ಯಾರನ್ನು? ಪುಟ ಎಪ್ಪತ್ತರ ಹೊತ್ತಿಗೆ ಅವನು ಅಂಗಡಿಯನ್ನು ಮರೆತ. ಕೈ ಒಂದು ಸಲ ಜೇಬಿನ ಪೆನ್ನಿಗೆ ಹೋಗಿ, ಅಲ್ಲೇನೂ ಕೆಲಸವಿಲ್ಲದೆ ಹಿಂದಕ್ಕೆ ಬಂತು. ಮೂರನೆಯ ದಿನದ ಸಂಜೆ, ಪುಟ ಎಪ್ಪತ್ತೊಂಬತ್ತರಲ್ಲಿ, ನೀಲಿ ಎದ್ದು ಸೀರೆಯ ಮರಳು ಕೊಡವಿ, ತಾನು ಈಜು ಕಲಿತ ದಿನವನ್ನು ದೋಣಿಯವನ ಕೈಗೆ ಹಾಕುತ್ತಾಳೆ. ಅಪ್ಪ ಹೊಟ್ಟೆಯ ಕೆಳಗಿನಿಂದ ಅಂಗೈ ತೆಗೆದದ್ದು, ಅವಳು ಮುಳುಗದೆ ಹೋದದ್ದು, ಇಬ್ಬರೂ ಕಿರುಚಿದ್ದು. ಎಂಬತ್ತರಲ್ಲಿ ದೋಣಿ ಹೊರಡುತ್ತದೆ. ಸುತ್ತಲೂ ಇರುವ ಇದೇನಿದು ಎಂದು ಅವಳು ನೀರನ್ನು ನೋಡಿ, ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿಯುತ್ತಾಳೆ.

ಅವನು ಹಾಳೆಗಳನ್ನು ತಟ್ಟಿ ಅಂಚು ಸರಿಮಾಡಿ ಬೆಂಚಿನ ಮೇಲಿಟ್ಟ. ಮೌನಮ್ಮ ಬೆನ್ನು ತಿರುಗಿಸಿ ಯಂತ್ರಕ್ಕೆ ಕಾಗದ ತುಂಬುತ್ತಿದ್ದಳು. ಅವನು ಬಾಯಿ ತೆರೆದ. ತೆರೆದದ್ದು ಅವಳಿಗೆ ಹೇಗೆ ತಿಳಿಯಿತೋ, ಗುಂಡಿ ಒತ್ತಿದಳು. ಗಾಜಿನ ಮೇಲೆ ಏನೂ ಇರಲಿಲ್ಲ, ಬೆಳಕು ಸುಮ್ಮನೆ ಹೋಗಿ ಬಂತು, ಖಾಲಿ ಹಾಳೆಯೊಂದು ಬೆಚ್ಚಗೆ ಹೊರಬಿತ್ತು. ಎದುರಿನ ಸ್ಟ್ಯಾಂಡಿನಲ್ಲಿ ಶಹಾಪುರದ ಬಸ್ಸು ಹಾರ್ನು ಹಾಕಿತು. ಹೋಗಿ ಬರ್ರಿ ಸರ್, ಶಾಲು ಮರೀಬ್ಯಾಡ್ರಿ ಎಂದಳು, ತಿರುಗದೆ.

ಶಾಲನ್ನು ಬಗಲಲ್ಲಿ ಹಿಡಿದು ಅವನು ರಸ್ತೆ ದಾಟಿ ಬಸ್ಸು ಹತ್ತಿದ. ಕಿಟಕಿಯ ಸೀಟು ಸಿಗಲಿಲ್ಲ. ಊರು ದಾಟುವಾಗ ಕಂಡಕ್ಟರ್ ಬಂದು ಎಲ್ಲಿಗ್ರಿ ಯಜಮಾನ್ರ ಎಂದ. ವಿಶ್ವರಾಧ್ಯ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವನ ಮುಖ ನೋಡಿದ. ಹೇಳಬಾರದ ಮಾತೊಂದು ಬಾಯಿ ತುಂಬ ಇತ್ತು. ಎಲ್ಲಿಗ್ರಿ, ಎಂದು ಕಂಡಕ್ಟರ್ ಇನ್ನೊಮ್ಮೆ ಕೇಳಿದ.